ಹಸಿವಿಗಿಂತ ಮೊದಲು ಊಟ

ಕಾಕಾ ತೀರಿಕೊಂಡ ಹದಿಮೂರನೆಯ ದಿನ, ನಾಸಿಕದ ಹತ್ತಿರದ ಓಝರ್ ಕಾಲೋನಿಯ ಸಭಾಗೃಹದಲ್ಲಿ ಎಲೆ ಹಾಕುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಅಡುಗೆಯವರು ತಡವಾಗಿ ಬಂದಿದ್ದರು, ನಡುವೆ ಗ್ಯಾಸ್ ಮುಗಿದಿತ್ತು, ಹೋಳಿಗೆಯ ಹೂರಣ ತಳ ಹತ್ತಿತ್ತು. ಹಸಿದು ಗೋಡೆಗೆ ಒರಗಿ ಕೂತವರೆಲ್ಲ ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂಬ ನಿಯಮಕ್ಕೆ ತಪ್ಪದೆ ಒಂದೇ ಮಾತು ಆಡಿದರು. "ಕಾಕಾ ಇದ್ದಿದ್ರ ಹಿಂಗ ಆಗ್ತಿದ್ದಿಲ್ಲ ನೋಡ್ರಿ." ಮೂಲೆಯಲ್ಲಿ ಕೂತಿದ್ದ ಅವರ ಹೆಂಡತಿ ಕಾಕುವಿನ ಮುಖದಲ್ಲಿ ಒಂದು ನಗು ಬಂದು ಹೋಯಿತು. ಅದು ಯಾಕೆ ಬಂತೆಂದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಅವರ ಹೆಸರು ಹೇಳುವುದಿಲ್ಲ. ಹೇಳದಿದ್ದರೂ ನಾಸಿಕದ ಕನ್ನಡದವರಿಗೆ ಗೊತ್ತಾಗುತ್ತದೆ. ಧಾರವಾಡದ ಕಡೆಯವರು. ವಿಮಾನ ಕಾರ್ಖಾನೆಯ ಪ್ಲಾನಿಂಗ್ ವಿಭಾಗದಲ್ಲಿದ್ದು ನಿವೃತ್ತರಾದವರು. ಯಾವ ಭಾಗ ಯಾವಾಗ ಯಾವ ಶೆಡ್ಡಿಗೆ ಬರಬೇಕು ಎಂದು ಮೊದಲೇ ಗೊತ್ತುಮಾಡುವುದು ಅವರ ಕೆಲಸ. ವಿಮಾನಗಳು ಹೇಳಿದ ದಿನಕ್ಕೆ ಹಾರುತ್ತಿದ್ದವೋ ಇಲ್ಲವೋ ನಾನರಿಯೆ, ಅದು ಸರಕಾರದ ಗುಟ್ಟು. ಕಾಕಾನ ಮನೆಯ ನಾಲ್ಕು ಗಂಟೆಯ ಚಹಾ ಮಾತ್ರ ಒಂದು ದಿನವೂ ಹಾರದೆ ನೆಲಕ್ಕೆ ಕೂತದ್ದಿಲ್ಲ. ನಾವು ಪಕ್ಕದ ಕ್ವಾರ್ಟರ್ಸಿನವರು. ನನ್ನ ಗಂಡ ಅದೇ ಕಾರ್ಖಾನೆಯಲ್ಲಿ ತಂತ್ರಜ್ಞ. ನಮಗೆ ಗಡಿಯಾರ ಕೊಳ್ಳುವ ಅಗತ್ಯವೇ ಬೀಳಲಿಲ್ಲ. ಕಾಕುವಿನ ಕುಕ್ಕರ್ ಕೂಗಿದರೆ ಸಾಕಿತ್ತು.

ಕಾಕಾನದೊಂದು ಸಿದ್ಧಾಂತವಿತ್ತು. "ತಂಗಿ, ಹಸಿವಿ ಬರೂಕಿಂತ ಮೊದಲ ಊಟ ಬರಬೇಕು. ಹಸಿವಿನೇ ಮೊದಲ ಬಂತು ಅಂದ್ರ ಪ್ಲಾನಿಂಗ್ ಕೆಟ್ಟಂಗ." ಈ ಮಾತನ್ನು ಅವರು ಮದುವೆಮನೆಯಲ್ಲಿ, ಆಸ್ಪತ್ರೆಯಲ್ಲಿ, ಒಮ್ಮೆ ಸ್ಮಶಾನದ ದಾರಿಯಲ್ಲಿಯೂ ಹೇಳಿದ್ದನ್ನು ಕೇಳಿದ್ದೇನೆ. ಊರುಗಳ ಹೆಸರು ಅವರ ಬಾಯಲ್ಲಿ ಬರುತ್ತಿದ್ದುದೇ ಅಪರೂಪ. "ಅಲ್ಲಿ ಶೇಂಗಾ ಚಟ್ನಿ ಛಲೋ ಇತ್ತಲ್ಲ" ಅಂದರೆ ಅದು ಸೊಲ್ಲಾಪುರ. "ಸಾರು ನೀರಾಗಿತ್ತಲ್ಲ" ಅಂದರೆ ಮಾಲೇಗಾಂವ್, ಅಲ್ಲಿ ಯಾರದೋ ಮುಂಜಿ. "ಎಲ್ಲಿಗೆ ಹೊಂಟೀರಿ ಕಾಕಾ?" ಎಂದು ಕೇಳಿದರೆ "ನಾಳೆ ಮಧ್ಯಾಹ್ನ ಝುಣಕಾ-ಭಾಕರಿ" ಎಂದು ಉತ್ತರ ಬರುತ್ತಿತ್ತು. ಕೇಳಿದವನು ಊರನ್ನು ತಾನೇ ಊಹಿಸಿಕೊಳ್ಳಬೇಕು.

ಇನ್ನು ಕಾಕು. ಅವರ ಸುದ್ದಿ ಹೇಳದೆ ಕಾಕಾನ ಚಿತ್ರ ಬರೆಯಲು ಆಗದು. ನಾಸಿಕದಲ್ಲಿ ಮನೆಯಿದ್ದ ಕನ್ನಡದವರಿಗೆ ಊರಿನಿಂದ ಬರುವ ಬೀಗರು, ಬೀಗರ ಬೀಗರು ಇರುವಷ್ಟು ನಕ್ಷತ್ರಗಳೂ ಆಕಾಶದಲ್ಲಿಲ್ಲ. ಬಂದವರಿಗೆ ಪಂಚವಟಿ ಆಗಬೇಕು, ತ್ರ್ಯಂಬಕ ಆಗಬೇಕು, ಕೊನೆಗೆ ಒಂದು ದಿನ ವೇರೂಳ ಆಗಬೇಕು. ವೇರೂಳ ಎಂದರೆ ಪುಸ್ತಕದಲ್ಲಿ ಎಲ್ಲೋರಾ ಎನ್ನುತ್ತಾರಲ್ಲ, ಅದೇ. ಕಾಕಾನಿಗೆ ರಜೆ ರವಿವಾರ, ಆದ್ದರಿಂದ ಪ್ರತಿ ಸಲವೂ ರವಿವಾರವೇ ಜೀಪು ಹೊರಡುತ್ತಿತ್ತು. ಕಾಕು ನಸುಕಿನಲ್ಲೆದ್ದು ಬುತ್ತಿ ಕಟ್ಟುವರು. ಜೀಪು ಹೋದ ಮೇಲೆ ರಾತ್ರಿಯ ಅಡುಗೆಗೆ ನಿಲ್ಲುವರು. ಹೋಗಿಬಂದವರು ದಣಿದಿರುತ್ತಾರೆ, ಬಂದ ಕೂಡಲೇ ಬಿಸಿ ಊಟ ಬೇಕು. ಹೀಗೆ ಮೂವತ್ತು ವರ್ಷ ನಾಸಿಕದಲ್ಲಿದ್ದೂ ಕಾಕು ವೇರೂಳ ನೋಡಿರಲಿಲ್ಲ.

ನೋಡಬೇಕೆಂಬ ಆಸೆ ಇಲ್ಲದೆ ಇರಲಿಲ್ಲ. ರಾತ್ರಿ ಬಡಿಸುತ್ತ ಒಬ್ಬೊಬ್ಬರನ್ನೇ ಕೇಳುವರು. ಆನಿ ಎಷ್ಟು ದೊಡ್ಡವು ಅದಾವ್ರಿ? ಒಂದೇ ಕಲ್ಲಿನ್ಯಾಗ ಅಂದ್ರ ಹೆಂಗ್ರಿ? ಉಣ್ಣುವವರು ತುತ್ತು ನುಂಗಿ ಒಂದು ಮಾತು ಹೇಳುವರು, ಮತ್ತೊಂದು ತುತ್ತು ಬಾಯಿಗಿಡುವರು. "ಆತಲ್ಲ, ಮೊದಲ ಅನ್ನ ಹಾಕು" ಎಂದು ಕಾಕಾ ಗದರುವರು. ಅವರು ತಾವಾಗಿ ವೇರೂಳದ ಬಗ್ಗೆ ಒಂದು ಮಾತು ಹೇಳಿದ್ದನ್ನು ನಾನು ಕೇಳಿಲ್ಲ. ನೋಡಿ ನೋಡಿ ಬೇಸರ ಬಂದಿರಬೇಕು ಎಂದುಕೊಂಡಿದ್ದೆ.

ಕಾಕಾ ನಿವೃತ್ತರಾದ ವರ್ಷ ಒಂದು ಘಟನೆ ನಡೆಯಿತು. ಪಿಂಪಳಗಾಂವ್ ಹತ್ತಿರ ಆಗ್ರಾ ರಸ್ತೆಯ ಬದಿಗೆ ಬಿಳಿಯ ಗಂಡ-ಹೆಂಡತಿ ತಮ್ಮ ದೇಶದಿಂದ ಓಡಿಸಿಕೊಂಡು ಬಂದ ಮನೆಯಂಥ ಗಾಡಿ ನಿಲ್ಲಿಸಿದ್ದರು. ಒಳಗೇ ಹಾಸಿಗೆ, ಒಳಗೇ ಒಲೆ. ಅವರು ಕಾಕಾನನ್ನು ಒಳಗೆ ಕರೆದು ಕಪ್ಪು ಕಾಫಿ ಕೊಟ್ಟರು. ಕಾಫಿ ಕಹಿಯಾಗಿತ್ತಂತೆ. ಆದರೆ ಕಾಕಾ ಮನೆಗೆ ಬಂದದ್ದು ಬೇರೆ ಮನುಷ್ಯನಾಗಿಯೇ. "ಇಷ್ಟು ವರ್ಷ ನಿನ್ನ ವೇರೂಳಕ್ಕ ಕರಕೊಂಡು ಹೋಗಲಿಕ್ಕೆ ಯಾಕ ಆಗಲಿಲ್ಲ? ಅಡಗಿಮನಿ ಇಲ್ಲೇ ಇತ್ತು, ಅದಕ್ಕ. ಇನ್ನ ಅಡಗಿಮನಿನೇ ನಮ್ಮ ಜೋಡಿ ಬರ್ತದ" ಎಂದು ಹೆಂಡತಿಗೆ ಹೇಳಿದರು. ಅಡುಗೆಮನೆ ಬಂದರೆ ಅಡುಗೆಯೂ ಬರುತ್ತದೆ ಎನ್ನುವುದು ಅವರ ತಲೆಗೆ ಹೊಳೆಯಲಿಲ್ಲ. ಕಾಕು "ಛಲೋ ಆತು" ಅಂದರು. ವೇರೂಳ ನೋಡಬಹುದಲ್ಲ ಎಂಬ ಲೆಕ್ಕ ಅವರದು.

ಶಾಲೆಯೊಂದು ಮಾರಿದ ಹಳೆಯ ಮಿನಿಬಸ್ಸು ಬಂತು. ಸಾತಪುರದ ಗ್ಯಾರೇಜಿನ ಮಿಸ್ತ್ರಿ ಹಾಸಿಗೆಯಿಂದ ಸುರುಮಾಡೋಣವೇ ಎಂದು ಕೇಳಿದರೆ, ಕಾಕಾ ಮೊದಲು ಗ್ಯಾಸ್ ಎಲ್ಲಿಡುತ್ತೀ ಹೇಳು ಅಂದರು. ಎರಡು ಒಲೆ, ನೀರಿನ ಟಾಕಿ, ಮಸಾಲೆಗೆ ಖಾನೆ, ರೊಟ್ಟಿ ಬಡಿಯಲು ಕಡಪಾ ಕಲ್ಲು. ಕಟ್ಟೆಯ ಎತ್ತರವನ್ನು ಕಾಕಾ ತಾವೇ ನಿಂತು, ತಮ್ಮ ಸೊಂಟಕ್ಕೆ ಅಳೆಯಿಸಿದರು. ಅವರು ಆರಡಿ ಆಳು. ಕಾಕುವಿಗೆ ಆ ಕಟ್ಟೆ ಎದೆಗೆ ಬರುತ್ತಿತ್ತು. ಕೆಳಗೊಂದು ಮಣೆ ಇಟ್ಟು ಆ ಸಮಸ್ಯೆಯನ್ನೂ ಕಾಕಾ ಬಗೆಹರಿಸಿದರು. ಬಸ್ಸು ಕಾಲೋನಿಗೆ ಬಂದ ದಿನವೇ ಹುಡುಗರು ಅದಕ್ಕೆ 'ಕಾಕಾಂಚಾ ಡಬಾ' ಎಂದು ಹೆಸರಿಟ್ಟರು, ಕಾಕಾನ ಊಟದ ಡಬ್ಬಿ.

ಪ್ರವಾಸ ಕನ್ಯಾಕುಮಾರಿಯವರೆಗೆ. ಮಕ್ಕಳು ರಜೆಗೆ ಅಜ್ಜಿಯ ಮನೆಗೆ ಹೋಗಿದ್ದರಿಂದ ನಾನೂ ನನ್ನ ಗಂಡನೂ ಜೊತೆಗಾರರು. ಗಂಡ ಡ್ರೈವರ್, ನಾನು ಕಾಕುವಿಗೆ ಕೈಜೋಡಿಸುವವಳು. ಕಾಕಾ ಗೋಡೆಗೆ ದೊಡ್ಡ ನಕ್ಷೆ ಹಚ್ಚಿ, ಪೆನ್ಸಿಲ್ ಹಿಡಿದು, ವಾರಗಟ್ಟಲೆ ಕೂತರು. ಉಳ್ಳಾಗಡ್ಡಿ ಮನೆಯಿಂದ ಒಯ್ಯುವುದಿಲ್ಲ, ಅದರ ದೊಡ್ಡ ಪೇಟೆ ಲಾಸಲಗಾಂವ್ ದಾರಿಯಲ್ಲೇ ಇದೆ. ಯೇವಲೆಯಲ್ಲಿ ಅವಲಕ್ಕಿ. ವೈಜಾಪುರದ ಆಚೆ ಚಹಾ. ಇಳಕಲ್ಲ ಕಡೆಯವರೊಬ್ಬರು ಪೈಠಣದಲ್ಲಿ ಸೀರೆ ವ್ಯಾಪಾರ ಮಾಡಿಕೊಂಡಿದ್ದರು, ಅಲ್ಲಿ ರಾತ್ರಿ ಹೋಳಿಗೆ.

ಇದರಲ್ಲೆಲ್ಲ ಮುಕುಟದಂಥದ್ದು ವೇರೂಳದ ಊಟ. ಮರದ ನೆರಳಲ್ಲಿ ಗಾಡಿ ನಿಲ್ಲಿಸಿ, ಬಿಸಿ ರೊಟ್ಟಿ, ಎಣ್ಣೆಗಾಯಿ, ಮೊಸರನ್ನ. ಒಬ್ಬರಾದರೂ ಉಪವಾಸವಿದ್ದರೆ ಆ ಊಟಕ್ಕೆ ಕಳೆಯಿಲ್ಲ. ಆದರೆ ನಮ್ಮ ನಾಲ್ಕು ಜನರಲ್ಲಿ ಉಪವಾಸಕ್ಕೇನು ಬರವೇ? ಸೋಮವಾರ ಕಾಕುವಿನದು. ಗುರುವಾರ ನನ್ನ ಗಂಡನದು, ರಾಯರ ಹೆಸರಲ್ಲಿ. ಶುಕ್ರವಾರ ನನ್ನದು. ಶನಿವಾರ ಸ್ವತಃ ಕಾಕಾನದು, ಹನುಮಪ್ಪನಿಗೆ. ಬುಧವಾರ ಆ ವಾರ ಸಂಕಷ್ಟಿ ಬಂದಿತ್ತು. ಮಹಾರಾಷ್ಟ್ರದ ನೀರು ಕುಡಿದ ಮೇಲೆ ಸಂಕಷ್ಟಿ ಬಿಡಲಾಗುತ್ತದೆಯೆ? ಚಂದ್ರ ಕಾಣುವ ತನಕ ಎಲ್ಲರದೂ ಉಪವಾಸ. ರವಿವಾರ ಜನಜಂಗುಳಿ, ಮರದ ನೆರಳು ಸಿಗುವುದಿಲ್ಲ. ಉಳಿದದ್ದು ಮಂಗಳವಾರ. "ಹೆಂಗ ಹೊಂದಿತು ನೋಡ್ರಿ. ಇದಕ್ಕ ಪ್ಲಾನಿಂಗ್ ಅಂತಾರ" ಎಂದು ಕಾಕಾ ಪೆನ್ಸಿಲ್ ಕಿವಿಗೆ ಸಿಕ್ಕಿಸಿದರು.

ಸೋಮವಾರ ಹೊರಟೆವು. ಕಾಕು ಉಪವಾಸವಿದ್ದರು, ಮಣೆಯ ಮೇಲೆ ನಿಂತು ಮೂವರಿಗೆ ಮಾಡಿ ಹಾಕಿದರು. ಸಂಜೆಗೆ ಔರಂಗಾಬಾದು ಮುಟ್ಟಿದೆವು. ಈಗ ಅದು ಛತ್ರಪತಿ ಸಂಭಾಜಿನಗರ, ಆಗಿನ್ನೂ ಹೆಸರು ಬದಲಾಗಿರಲಿಲ್ಲ. ಅಲ್ಲಿ ಕುಂದಾಪುರದವರೊಬ್ಬರ ಹೋಟೆಲು. ಬರೀ ಚಹಾ ಎಂದು ಹೋದವರನ್ನು ಅವರು ಊಟ ಮಾಡಿಸದೆ ಬಿಡಲಿಲ್ಲ. ಕಾಕಾ ಅವರ ಸಾಂಬಾರಿನಲ್ಲಿ ಬೆಲ್ಲ ಹೆಚ್ಚೋ ಕಡಿಮೆಯೋ ಎಂಬ ಚರ್ಚೆಗೆ ಕೂತರು. ಏಳುವ ಮುಂಚೆ ಆ ಪುಣ್ಯಾತ್ಮರು, "ನಾಳೆ ಎಲ್ಲಿಗೆ ಹೊರಟದ್ದು ಮಾರಾಯ್ರೆ?" ಎಂದು ಕೇಳಿಯೇ ಕೇಳಿದರು.

"ನಾಳೆ ರೊಟ್ಟಿ, ಎಣ್ಣೆಗಾಯಿ" ಅಂದರು ಕಾಕಾ.

"ಆಯ್ತು, ಒಳ್ಳೆದು" ಅಂದರು ಅವರು. ಊರಿನ ಹೆಸರು ಹೇಳಿದ್ದರೆ ಅವರು ನಮ್ಮನ್ನು ತಡೆಯುತ್ತಿದ್ದರು.

ಮರುದಿನ ವೇರೂಳದಲ್ಲಿ ಮರದ ನೆರಳು ಧಾರಾಳವಾಗಿ ಸಿಕ್ಕಿತು. ಒಂದೇ ಒಂದು ಗಾಡಿಯಿರಲಿಲ್ಲ. ಕಾಕಾ ಹಿಗ್ಗಿ ಹೀರೇಕಾಯಿಯಾದರು. ಕಾಕು ಮಾತ್ರ ಹಸಿರು ಇಳಕಲ್ಲ ಸೀರೆ ಉಟ್ಟು, ಮಡಿಲಲ್ಲಿ ಚೀಲ ಇಟ್ಟುಕೊಂಡು, ಗೇಟನ್ನೇ ನೋಡುತ್ತಿದ್ದರು. ಗೇಟು ಮುಚ್ಚಿತ್ತು. ಪಕ್ಕದಲ್ಲಿ ಬೋರ್ಡು ಇತ್ತು, ದೊಡ್ಡ ಅಕ್ಷರದಲ್ಲಿ. ಮಂಗಳವಾರ ಬಂದ್.

ಕಾಕಾ ಕಾವಲುಗಾರನ ಹತ್ತಿರ ಹೋಗಿ ಮರಾಠಿಯಲ್ಲಿ ವಾದಕ್ಕೆ ನಿಂತರು. ಮಾತಿಗೆ ಮಾತು ಬೆಳೆದು, ಕೊನೆಗೆ ಅವರ ಬಾಯಿಂದ ಬಂದದ್ದು, "ಅಹೋ, ಆಜ್ ಕೋಣಾಚಾಚ್ ಉಪಾಸ್ ನಾಹೀ." ಇವತ್ತು ಯಾರದೂ ಉಪವಾಸವಿಲ್ಲವಲ್ಲಪ್ಪಾ ಎಂದು.

ಅವನು ಇವರನ್ನು ಮೇಲಿಂದ ಕೆಳಗೆ ನೋಡಿ, "ಲೇಣ್ಯಾಂಚಾ ಆಹೇ ನಾ, ಕಾಕಾ" ಅಂದ. ಗುಹೆಗಳದು ಇದೆಯಲ್ಲ, ಕಾಕಾ.

ನನ್ನ ಗಂಡ ನಗು ತಡೆಯಲಾಗದೆ ಟೈರು ನೋಡುವ ನೆಪದಲ್ಲಿ ಗಾಡಿಯ ಹಿಂದೆ ಹೋದರು. ನನಗೆ ನಗು ಬರಲಿಲ್ಲ. ಕಾಕು ಸೆರಗು ಸಿಕ್ಕಿಸಿಕೊಂಡು ಮಣೆ ಹತ್ತಿ ರೊಟ್ಟಿ ಬಡಿಯತೊಡಗಿದರು. ಕಲ್ಲಿನ ಮೇಲೆ ಬಡಿತ ಬಿದ್ದಾಗೆಲ್ಲ ಬಸ್ಸು ಅಲುಗಾಡುತ್ತಿತ್ತು. ಆ ದಿನ ಸ್ವಲ್ಪ ಹೆಚ್ಚೇ ಅಲುಗಾಡಿತು.

ಕಾಕಾ ಹೊಟ್ಟೆ ತುಂಬ ಉಂಡರು. ಯೋಜನೆಯ ಪ್ರಕಾರ ಊಟವಾಗಿತ್ತು, ಆದ್ದರಿಂದ ಮನಸ್ಸೂ ಸ್ವಸ್ಥವಾಗಿತ್ತು. ಕೈ ತೊಳೆದು, "ನಡೀರಿ, ಪೈಠಣದಾಗ ಕಾಯ್ಲಿಕ್ಕತ್ತಿರ್ತಾರ. ಇದನ್ನ ಬರೂಮುಂದ ನೋಡೂಣು" ಅಂದರು.

ಕಾಕು ತೊಳೆದ ಪಾತ್ರೆಗಳನ್ನು ಒಂದೊಂದಾಗಿ ಒರೆಸಿ ಖಾನೆಯಲ್ಲಿಟ್ಟರು. ಆಮೇಲೆ ತಮ್ಮ ಚೀಲ ತೆಗೆದುಕೊಂಡು ಕೆಳಗಿಳಿದರು.

"ನೀವು ಹೋಗಿ ಬರ್ರಿ. ನಾ ಇಲ್ಲೇ ಇರ್ತೀನಿ. ನಾಳೆ ನೋಡ್ತೀನಿ."

"ಹಂಗಂದ್ರ? ರಾತ್ರಿ ಊಟ?"

"ಪೈಠಣದಾಗ ಹೋಳಿಗಿ ಅದ ಅಲ್ಲ."

"ನಂದಲ್ಲ. ನಿಂದು?"

"ನಂದೇನು ಪ್ಲಾನಿಂಗ್ ಇಲ್ರಿ" ಅಂದರು ಕಾಕು. ಸಿಟ್ಟಿನಿಂದಲ್ಲ. ಉಪ್ಪು ಮುಗಿದಿದೆ ಎನ್ನುವ ಧಾಟಿಯಲ್ಲಿ.

ಕಾಕಾ ನನ್ನ ಮುಖ ನೋಡಿದರು, ನಾನು ಬುದ್ಧಿ ಹೇಳಿಯೇನೆಂದು. ನಾನೂ ನನ್ನ ಚೀಲ ಇಳಿಸಿಕೊಂಡೆ. ನನಗೆ ಆ ಹೊತ್ತು ಆದ ಖುಷಿ ಇಷ್ಟೆಂದು ಹೇಳಲಾರೆ. ಕಾಕಾನೂ ಅಲ್ಲೇ ಉಳಿಯಬಹುದಿತ್ತು. ಆದರೆ ಪೈಠಣದಲ್ಲಿ ಹೂರಣ ರುಬ್ಬಿಯಾಗಿತ್ತು, ರುಬ್ಬಿದ ಹೂರಣಕ್ಕೆ ದ್ರೋಹ ಬಗೆಯುವ ಜೀವವಲ್ಲ ಅದು. ಬಸ್ಸು ಎರಡು ಒಲೆ, ಟಾಕಿ, ಕಡಪಾ ಕಲ್ಲು ಹೊತ್ತುಕೊಂಡು ಇಬ್ಬರು ಗಂಡಸರೊಂದಿಗೆ ಹೊರಟುಹೋಯಿತು. ಒಲೆ ಹಚ್ಚಲು ಬರುವವರು ಇಬ್ಬರೂ ಕೆಳಗೆ ನಿಂತಿದ್ದೆವು.

ಘೃಷ್ಣೇಶ್ವರ ಗುಡಿಯ ಭಕ್ತನಿವಾಸದಲ್ಲಿ ಒಂದು ಕೋಣೆ ಸಿಕ್ಕಿತು. ಬೆಳಿಗ್ಗೆ ಗೇಟು ತೆಗೆಯುವಾಗ ನಾವಿಬ್ಬರೇ ಮೊದಲಿಗರು.

ಒಂದೇ ಕಲ್ಲಿನಲ್ಲಿ ಕಡಿದ ಕೈಲಾಸ ಗುಡಿಯ ಅಂಗಳಕ್ಕೆ ಕಾಕು ಮೊದಲು ಒಂದು ಸುತ್ತು ಹಾಕಿದರು. ಆಮೇಲೆ ಒಂದೊಂದರ ಮುಂದೆ ನಿಂತು, ಮೂವತ್ತು ವರ್ಷ ಕೇಳಿದ್ದನ್ನು ತಾಳೆ ನೋಡತೊಡಗಿದರು. "ಬೆಳಗಾಂವಿ ಮಾವನವರು ಆನಿ ಸೊಂಡಿ ಮುರದಾವ ಅಂದಿದ್ರು, ಕಡಬು ಉಣ್ಣೂಮುಂದ. ಖರೇ ಅದ ನೋಡು." "ರಾವಣ ಕೈಲಾಸ ಅಲಗಾಡಸ್ತಾನ ಅಂತ ನಮ್ಮ ವೈನಿ ಹೇಳಿದ್ರು. ಅವತ್ತ ಹುಳಿ ಸ್ವಲ್ಪ ಉಪ್ಪಾಗಿತ್ತು." ಆ ಗುಡಿಯ ಒಂದೊಂದು ಮೂಲೆಯೂ ಅವರಿಗೆ ಒಂದೊಂದು ದಿನದ ಅಡುಗೆಯ ಜೊತೆ ನೆನಪಿತ್ತು. ಆನೆಯ ಕಾಲನ್ನು ಅಂಗೈಯಿಂದ ಸವರಿ, "ಯಾರೂ ಪೂರ್ತಿ ಹೇಳಲೇ ಇಲ್ಲ" ಅಂದಾಗ ಅವರ ಕಣ್ಣು ತುಂಬಿತ್ತು. ನನಗೂ ತಡೆಯಲಾಗಲಿಲ್ಲ.

ಹೊರಗೆ ಬಂದು ಮರದ ಕೆಳಗೆ ಕೂತೆವು. ಮಧ್ಯಾಹ್ನವಾಗಿತ್ತು. ಪಕ್ಕದಲ್ಲಿ ಪೇರಲಹಣ್ಣು ಮಾರುವ ಹೆಂಗಸು ಯಾರನ್ನು ಕಾಯುತ್ತಿದ್ದೀರಿ ಎಂದು ಮರಾಠಿಯಲ್ಲಿ ಕೇಳಿದಳು. ನಾಸಿಕದಿಂದ ಬಂದವರು, ಉದ್ದನೆಯ ಕಾಕಾ ಎಂದೆ.

"ಡಬ್ಬೆವಾಲೆ ಕಾಕಾ?" ಅವಳ ಮುಖ ಅರಳಿತು. ಅವರನ್ನು ಅವಳು ಎಷ್ಟೋ ವರ್ಷದಿಂದ ಬಲ್ಲಳಂತೆ. ಜೊತೆಗೆ ಬಂದವರೆಲ್ಲ ಗುಹೆ ನೋಡಲು ಹೋಗುತ್ತಾರೆ, ಕಾಕಾ ಇದೇ ಮರದ ಕೆಳಗೆ ಡಬ್ಬಿಗಳನ್ನು ಸುತ್ತಲೂ ಇಟ್ಟುಕೊಂಡು, ಕೋಲು ಹಿಡಿದು, ಮಂಗ ಕಾಯುತ್ತಾರೆ. ಬಂದವರು ಹಸಿದು ಬರುತ್ತಾರಲ್ಲ, ಬರುವ ಮೊದಲೇ ತಾಟು ಹಾಕಿರಬೇಕು. "ಆತ್ ಕಧೀ ಗೇಲೇಚ್ ನಾಹೀತ್." ಒಳಗೆ ಒಮ್ಮೆಯೂ ಹೋಗಿಲ್ಲ.

ಕಾಕು ಆ ಹೆಂಗಸನ್ನು ನೋಡಿದರು, ಮರವನ್ನು ನೋಡಿದರು. ಗೇಟಿನ ಪಕ್ಕದ ಬೋರ್ಡು ಇಷ್ಟು ವರ್ಷ ಕಾಕಾನ ಕಣ್ಣಿಗೆ ಯಾಕೆ ಬಿದ್ದಿರಲಿಲ್ಲ ಎಂದು ನನಗೆ ಈಗ ತಿಳಿಯಿತು.

ಬಸ್ಸು ಬಂತು. ಕಾಕಾ ಇಳಿದರು, ಕೈಯಲ್ಲಿ ಪೈಠಣದವರು ಕಟ್ಟಿಕೊಟ್ಟ ಸಾಬೂದಾಣೆ ಖಿಚಡಿಯ ಡಬ್ಬಿ, ಸಂಕಷ್ಟಿಯ ಉಪವಾಸಕ್ಕೆ ನಡೆಯುವ ಫರಾಳ. ಮುಖ ಸೋತಿತ್ತು, ನಿದ್ದೆ ಮಾಡಿದಂತೆ ಕಾಣಲಿಲ್ಲ. ಗುಹೆ ಹೇಗಿತ್ತೆಂದು ಕೇಳಲಿಲ್ಲ.

"ರಾತ್ರಿ ಊಟಕ್ಕೇನ್ ಮಾಡಿದಿ?"

"ನೆನಪಿಲ್ರಿ" ಅಂದರು ಕಾಕು.

ಕಾಕಾ ಗಾಬರಿಯಾಗಿ ನನ್ನ ಕಡೆ ತಿರುಗಿದರು. ಉಂಡದ್ದನ್ನು ಮರೆತ ಮನುಷ್ಯರನ್ನು ಅವರು ಅಲ್ಲಿಯವರೆಗೆ ಕಂಡಿರಲಿಲ್ಲ. ಗುಡಿಯ ಮುಂದಿನ ಗಾಡಿಯಲ್ಲಿ ವಡಾಪಾವ್ ತಿಂದದ್ದು ನನಗೆ ನೆನಪಿತ್ತು. ನಾನು ಬಾಯಿ ಬಿಡಲಿಲ್ಲ.

"ಅಲ್ರಿ, ಒಳಗ ಆನಿ ಯಾವ ಕಡೆ ಅದಾವು?" ಕಾಕು ಕೇಳಿದರು.

"ಆನಿ? ಆನಿ ಅಲ್ಲೇ ಅದಾವಲ್ಲ, ಅವೆಲ್ಲಿ ಹೋಗ್ತಾವ."

"ಆ ಡಬ್ಬಿ ಇಲ್ಲಿ ಕೊಡ್ರಿ. ನಾ ಕಾಯ್ತೀನಿ. ನೀವು ಹೋಗಿ ಬರ್ರಿ."

ಕಾಕಾ ಪೇರಲದ ಹೆಂಗಸನ್ನು ನೋಡಿದರು. ಅವಳು ಕೈಯೆತ್ತಿ ನಮಸ್ಕಾರ ಮಾಡಿದಳು. ಅವರಿಗೆ ಎಲ್ಲ ತಿಳಿಯಿತು. "ಮಂಗ್ಯಾ ಬರ್ತಾವ, ನಿನಗ ಕಾಯ್ಲಿಕ್ಕೆ ಆಗೂದಿಲ್ಲ" ಎಂದು ಮೆಲ್ಲಗೆ ಅಂದರು. ಕಾಕು ಮರದ ಬುಡದಲ್ಲಿ ಬಿದ್ದಿದ್ದ ಕೋಲು ಎತ್ತಿಕೊಂಡರು. ಟಿಕೀಟಿನ ಕಿಟಕಿ ಎಲ್ಲಿದೆ ಎಂದು ಕಾಕಾ ನನ್ನ ಗಂಡನನ್ನು ಕೇಳಿಕೊಂಡು ಹೋದರು.

ಸ್ವಲ್ಪ ಹೊತ್ತಿಗೆ ಮಂಗವೊಂದು ಬಂದೇ ಬಂತು. ಡಬ್ಬಿ ಎತ್ತಿಕೊಂಡು ಮರದ ಮೇಲೆ ಹೋಗಿ, ಮುಚ್ಚಳ ಬಿಚ್ಚಿ, ಖಿಚಡಿ ತಿನ್ನತೊಡಗಿತು. ಕೋಲು ಕಾಕುವಿನ ಮಡಿಲಲ್ಲೇ ಇತ್ತು. "ತಿನ್ನಲಿ ಬಿಡು, ಅದಕ್ಕ ಸಂಕಷ್ಟಿ ಇಲ್ಲ" ಅಂದರು.

ನನ್ನ ಗಂಡ ಬೇಗ ಹೊರಬಂದರು. ಕಾಕಾ ಬಂದದ್ದು ಗೇಟು ಮುಚ್ಚುವ ಸೀಟಿ ಊದಿದ ಮೇಲೆ, ಎಲ್ಲರಿಗಿಂತ ಕೊನೆಗೆ. ಮೊಣಕಾಲಿಗೆ ಧೂಳು ಹತ್ತಿತ್ತು. ಬಂದು ಕಾಕುವಿನ ಪಕ್ಕದಲ್ಲಿ ಕೂತರು. ಖಾಲಿ ಡಬ್ಬಿ ನೆಲದ ಮೇಲೆ ಬಿದ್ದಿದ್ದನ್ನು ನೋಡಿದರು, ಏನಾಯಿತೆಂದು ಕೇಳಲಿಲ್ಲ.

"ಮ್ಯಾಲಿಂದ ಕೆಳಗ ಕಡಕೋತ ಬಂದಾರಂತ" ಅಂದರು. "ಒಂದ ಏಟು ತಪ್ಪಿದ್ರ ಮುಗೀತು. ಇಷ್ಟು ಪ್ಲಾನಿಂಗ್ ಯಾರು ಮಾಡಿರಬೇಕು?"

"ಅಷ್ಟು ಮಂದಿಗೆ ಅಡಗಿ ಯಾರು ಮಾಡಿರಬೇಕು?" ಅಂದರು ಕಾಕು.

ಕಾಕಾ ಖಾಲಿ ಡಬ್ಬಿ ಎತ್ತಿಕೊಂಡು ಬಸ್ಸಿನತ್ತ ನಡೆದರು.

ಬಸ್ಸು ಹೊರಟಿತು. ಕಾಕು ಮಣೆಯನ್ನು ಹತ್ತಲಿಲ್ಲ, ಕಿಟಕಿಯ ಪಕ್ಕದ ಸೀಟಿನಲ್ಲಿ ಕಾಲು ಚಾಚಿ ಕೂತರು. ಹೊರಗೆ ಕತ್ತಲಾಗುತ್ತ ಬಂತು, ಚಂದ್ರ ಇನ್ನೂ ಮೂಡಿರಲಿಲ್ಲ. ಊಟ ಎಲ್ಲಿ ಎಂದು ಇಡೀ ಜನ್ಮ ಉಳಿದವರಿಗೆ ಹೇಳುತ್ತಲೇ ಬಂದ ಮನುಷ್ಯ, ನನಗೆ ತಿಳಿದಂತೆ ಮೊದಲ ಸಲ, ಕೇಳಿದರು.

"ಅಲ್ಲಾ, ಈಗ ಊಟಕ್ಕ ಎಲ್ಲಿ ನಿಲ್ಲೂಣು?"

ಕಾಕು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಹಸಿವಿ ಎಲ್ಲಿ ಬರ್ತದ, ಅಲ್ಲಿ."